ಯುರೋಪಿನ ಯಾವ ಪಕ್ಷ ಮಧ್ಯಪಂಥೀಯ? ಗುರುತಿಸುವ ಕ್ರಮ

ಯುರೋಪಿನ ಯಾವುದಾದರೂ ದೇಶದಲ್ಲಿ ಚುನಾವಣೆ ಮುಗಿದು ಸಮ್ಮಿಶ್ರ ಸರ್ಕಾರದ ಮಾತುಕತೆ ಶುರುವಾದೊಡನೆ ನಮ್ಮ ಪತ್ರಿಕೆಗಳ ವಿದೇಶ ಪುಟದಲ್ಲಿ ‘ಮಧ್ಯಪಂಥೀಯ ಪಕ್ಷ’ ಎಂಬ ವಿಶೇಷಣ ಕಾಣಿಸಿಕೊಳ್ಳುತ್ತದೆ. ಜರ್ಮನಿಯ ಫ್ರೀ ಡೆಮಾಕ್ರಾಟರಿಗೂ, ಸ್ವೀಡನ್ನಿನ ಸೆಂಟರ್ ಪಕ್ಷಕ್ಕೂ, ಫ್ರಾನ್ಸಿನ ಮ್ಯಾಕ್ರಾನ್ ಬಣಕ್ಕೂ, ಇಟಲಿಯ ಹಳೆಯ ಕ್ರಿಶ್ಚಿಯನ್ ಡೆಮಾಕ್ರಾಟರಿಗೂ ಅದೇ ಹಣೆಪಟ್ಟಿ. ಈ ನಾಲ್ಕು ಪಕ್ಷಗಳು ಹುಟ್ಟಿದ ಕಾರಣ ಬೇರೆ, ಅವುಗಳಿಗೆ ಮತ ಹಾಕಿದ ಜನ ಬೇರೆ, ತೆರಿಗೆ, ಧರ್ಮ, ಕೃಷಿಗಳ ಬಗ್ಗೆ ಅವು ತಳೆದ ನಿಲುವೂ ಬೇರೆ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು, ವಿದೇಶಿ ಸುದ್ದಿಯನ್ನು ಕನ್ನಡಕ್ಕೆ ತರುವ ಪತ್ರಕರ್ತರು ಮತ್ತು ಯುರೋಪಿನ ರಾಜಕೀಯವನ್ನು ಆಸಕ್ತಿಯಿಂದ ಗಮನಿಸುವ ಓದುಗರು ಈ ಹಣೆಪಟ್ಟಿಯನ್ನು ಅಂಟಿಸುವ ಮುನ್ನ ಯಾವ ಕ್ರಮದಲ್ಲಿ ಪರಿಶೀಲಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಒಂದು ಪಕ್ಷವನ್ನು ಮಧ್ಯಪಂಥೀಯವೆಂದು ಕರೆದಾಗ ನಾವು ಗೊತ್ತಿಲ್ಲದೆಯೇ ಮೂರು ಪ್ರತ್ಯೇಕ ಹೇಳಿಕೆಗಳಲ್ಲಿ ಒಂದನ್ನು ಮಾಡಿರುತ್ತೇವೆ. ಎಡ-ಬಲಗಳ ಸಾಲಿನಲ್ಲಿ ಅದು ನಡುವೆ ನಿಂತಿದೆ ಎಂಬುದು ಮೊದಲನೆಯದು. ಅದಕ್ಕೆ ಮಧ್ಯಪಂಥವೆಂಬ ಸ್ವಂತ ವಿಚಾರಧಾರೆಯಿದೆ ಎಂಬುದು ಎರಡನೆಯದು. ಸರ್ಕಾರ ಯಾರದ್ದಾಗಬೇಕೆಂಬುದನ್ನು ಅದು ಯಾವ ಕಡೆಗಾದರೂ ವಾಲಿ ನಿರ್ಧರಿಸಬಲ್ಲದು ಎಂಬುದು ಮೂರನೆಯದು. ಸ್ಥಾನ, ವಿಚಾರ, ಪಾತ್ರ ಎಂಬ ಈ ಮೂರೂ ಒಂದೇ ಪಕ್ಷದಲ್ಲಿ ಒಟ್ಟಿಗೆ ಸೇರುವುದು ಅಪರೂಪ. ಆದ್ದರಿಂದ ಮೂರನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಮೊದಲ ಹೆಜ್ಜೆ: ದೇಶವನ್ನೂ ಅವಧಿಯನ್ನೂ ಗೊತ್ತುಮಾಡಿಕೊಳ್ಳುವುದು

ಎಡ, ಬಲ ಎಂಬ ವಿಂಗಡಣೆ 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ಆಸನಗಳ ವ್ಯವಸ್ಥೆಯಾಗಿ ಹುಟ್ಟಿಕೊಂಡಿತು. ರಾಜನ ಅಧಿಕಾರವನ್ನು ಉಳಿಸಬೇಕೆಂದವರು ಅಧ್ಯಕ್ಷರ ಬಲಗಡೆಗೂ, ಅದನ್ನು ಮೊಟಕುಗೊಳಿಸಬೇಕೆಂದವರು ಎಡಗಡೆಗೂ ಕುಳಿತರು. ಯಾರು ಎಲ್ಲಿ ಕುಳಿತಿದ್ದಾರೆ ಎಂಬುದು ಉಳಿದವರು ಎಲ್ಲಿ ಕುಳಿತಿದ್ದಾರೆ ಎಂಬುದನ್ನು ಅವಲಂಬಿಸಿಯೇ ಅರ್ಥ ಪಡೆಯುತ್ತದೆ. ನಡುವಿನ ಜಾಗಕ್ಕಂತೂ ಈ ಮಾತು ಇನ್ನಷ್ಟು ಸಲ್ಲುತ್ತದೆ, ಏಕೆಂದರೆ ಎರಡು ತುದಿಗಳು ಎಲ್ಲಿವೆ ಎಂದು ತಿಳಿಯದೆ ನಡುವನ್ನು ಗುರುತಿಸಲಾಗದು.

ಹಾಗಾಗಿ ಪಕ್ಷವೊಂದನ್ನೇ ಎತ್ತಿಕೊಂಡು ಅದರ ಪ್ರಣಾಳಿಕೆಯನ್ನು ಓದಲು ಕೂರಬೇಡಿ. ಮೊದಲು ಆ ದೇಶದ ಸಂಸತ್ತಿನಲ್ಲಿ, ನೀವು ಆರಿಸಿಕೊಂಡ ಅವಧಿಯಲ್ಲಿ, ಸ್ಥಾನ ಪಡೆದಿದ್ದ ಎಲ್ಲ ಪಕ್ಷಗಳನ್ನೂ ಪಟ್ಟಿ ಮಾಡಿ. ಜರ್ಮನಿಯಲ್ಲಿ 1961ರಿಂದ 1983ರವರೆಗೆ ಬುಂಡೆಸ್ಟಾಗ್‌ನಲ್ಲಿ ಇದ್ದದ್ದು ಮೂರೇ ಗುಂಪು: ಕ್ರಿಶ್ಚಿಯನ್ ಡೆಮಾಕ್ರಾಟರು, ಸೋಷಿಯಲ್ ಡೆಮಾಕ್ರಾಟರು ಮತ್ತು ಫ್ರೀ ಡೆಮಾಕ್ರಾಟರು ಅಂದರೆ ಎಫ್‌ಡಿಪಿ. ಎರಡು ದೊಡ್ಡ ಪಕ್ಷಗಳ ನಡುವೆ ಒಂದು ಸಣ್ಣ ಪಕ್ಷವಿದ್ದ ಆ ಸದನದಲ್ಲಿ ಎಫ್‌ಡಿಪಿಯ ಸ್ಥಾನದ ಬಗ್ಗೆ ಹೆಚ್ಚು ವಾದಕ್ಕೆ ಆಸ್ಪದವಿರಲಿಲ್ಲ. 1983ರಲ್ಲಿ ಗ್ರೀನ್ ಪಕ್ಷ ಪ್ರವೇಶಿಸಿತು. ಜರ್ಮನಿ ಒಂದಾದ ಮೇಲೆ ಪೂರ್ವ ಜರ್ಮನಿಯ ಆಡಳಿತ ಪಕ್ಷದ ಉತ್ತರಾಧಿಕಾರಿ ಎಡತುದಿಗೆ ಬಂತು. 2017ರಲ್ಲಿ ಎಎಫ್‌ಡಿ ಬಲತುದಿಗೆ ಬಂತು. ಎಫ್‌ಡಿಪಿ ತನ್ನ ಆರ್ಥಿಕ ನಿಲುವಿನಲ್ಲಿ ಒಂದಿಂಚೂ ಸರಿಯದೆ ಇದ್ದಿದ್ದರೂ ಅದರ ಎಡಬಲದ ನೆರೆಹೊರೆ ಪೂರ್ತಿ ಬದಲಾಗುತ್ತಿತ್ತು. 1972ರ ಎಫ್‌ಡಿಪಿಗೆ ಸಲ್ಲುವ ವಿಶೇಷಣವನ್ನು 2022ರ ಎಫ್‌ಡಿಪಿಗೆ ಹಾಗೆಯೇ ಅಂಟಿಸುವುದು ಸಾಮಾನ್ಯವಾಗಿ ಕಾಣುವ ದೋಷ.

ಎರಡನೆಯ ಹೆಜ್ಜೆ: ಹೆಸರನ್ನು ಬದಿಗಿಡುವುದು

ಇದಕ್ಕೆ ಹೆಚ್ಚು ಸಮಯ ಬೇಕಿಲ್ಲ. ಪೋಲೆಂಡಿನಲ್ಲಿ ಯಾರೊಸ್ಲಾವ್ ಕಾಚಿನ್‌ಸ್ಕಿ 1990ರಲ್ಲಿ ಕಟ್ಟಿದ ಪಕ್ಷದ ಹೆಸರಿನಲ್ಲಿ ‘ಸೆಂಟರ್’ ಎಂದಿತ್ತು, ಆದರೆ ಅದು ಬಲಪಂಥೀಯ ಪಕ್ಷ. ಪೋರ್ಚುಗಲ್‌ನಲ್ಲಿ 1974ರಲ್ಲಿ ಹುಟ್ಟಿದ ಸಿಡಿಎಸ್ ತನ್ನ ಹೆಸರಿನಲ್ಲೇ ‘ಸೆಂಟರ್’ ಇಟ್ಟುಕೊಂಡು ದಶಕಗಳ ಕಾಲ ಅಲ್ಲಿನ ಪ್ರಮುಖ ಪಕ್ಷಗಳಲ್ಲೆಲ್ಲ ಬಲತುದಿಯಲ್ಲಿ ಕುಳಿತಿತ್ತು. ಡೆನ್ಮಾರ್ಕಿನ ಬಲಪಂಥೀಯ ಉದಾರವಾದಿಗಳ ಪಕ್ಷಕ್ಕೆ ‘ಎಡ’ ಎಂದೇ ಹೆಸರು.

ಉತ್ತರ ಯುರೋಪಿನ ಸೆಂಟರ್ ಪಕ್ಷಗಳ ವಿಷಯ ಮಾತ್ರ ಸ್ವಲ್ಪ ನಿಂತು ನೋಡಬೇಕಾದದ್ದು. ಸ್ವೀಡನ್, ನಾರ್ವೆ, ಫಿನ್ಲೆಂಡ್ ಮೂರರಲ್ಲೂ ಇವು ಮೂಲತಃ ರೈತರ ಪಕ್ಷಗಳು. ಬೇಸಾಯ ನಂಬಿದವರ ಸಂಖ್ಯೆ ಕುಗ್ಗುತ್ತ ಬಂದಾಗ ರೈತರ ಹೆಸರನ್ನೇ ಹಿಡಿದುಕೊಂಡರೆ ಉಳಿಗಾಲವಿಲ್ಲವೆಂದು ಕಂಡ ನಾಯಕರು ಹೆಸರು ಬದಲಿಸಿದರು: ಸ್ವೀಡನ್ನಿನಲ್ಲಿ 1950ರ ದಶಕದ ಕೊನೆಯಲ್ಲಿ, ನಾರ್ವೆಯಲ್ಲಿ 1959ರಲ್ಲಿ, ಫಿನ್ಲೆಂಡಿನಲ್ಲಿ 1965ರಲ್ಲಿ. ಹೆಸರು ಒಂದೇ ಆದರೂ ಮುಂದಿನ ದಾರಿಗಳು ಕವಲೊಡೆದವು. ನಾರ್ವೆಯ ಪಕ್ಷ ಹಳ್ಳಿಗಳ ರಕ್ಷಣೆ ಮತ್ತು ಯುರೋಪಿಯನ್ ಒಕ್ಕೂಟದ ವಿರೋಧವನ್ನೇ ತನ್ನ ಗುರುತಾಗಿಸಿಕೊಂಡಿತು. ಸ್ವೀಡನ್ನಿನದು ಮಾರುಕಟ್ಟೆಯ ಪರವಾದ, ವಲಸೆಯ ವಿಷಯದಲ್ಲಿ ಉದಾರವಾದ, ನಗರದ ಮತದಾರರನ್ನೂ ಸೆಳೆಯುವ ಪಕ್ಷವಾಯಿತು.

ಮೂರನೆಯ ಹೆಜ್ಜೆ: ಎಷ್ಟು ಸಾಲುಗಳಿವೆ ಎಂದು ಎಣಿಸುವುದು

ಎಡ-ಬಲವೆಂಬ ಒಂದೇ ಗೆರೆಯ ಮೇಲೆ ಯುರೋಪಿನ ಪಕ್ಷಗಳನ್ನೆಲ್ಲ ಜೋಡಿಸಲಾಗದು. ಸಮಾಜವಿಜ್ಞಾನಿಗಳಾದ ಸೀಮೋರ್ ಲಿಪ್ಸೆಟ್ ಮತ್ತು ಸ್ಟೈನ್ ರೊಕ್ಕಾನ್ 1967ರಲ್ಲಿ ಮಂಡಿಸಿದ ಪ್ರಸಿದ್ಧ ವಿಶ್ಲೇಷಣೆಯ ಪ್ರಕಾರ ಪಶ್ಚಿಮ ಯುರೋಪಿನ ಪಕ್ಷಗಳು ನಾಲ್ಕು ಬಿರುಕುಗಳಿಂದ ಹುಟ್ಟಿದವು: ಮಾಲೀಕರು ಮತ್ತು ಕಾರ್ಮಿಕರು, ಚರ್ಚು ಮತ್ತು ಪ್ರಭುತ್ವ, ಗ್ರಾಮೀಣ ಕೃಷಿ ಮತ್ತು ನಗರದ ಕೈಗಾರಿಕೆ, ರಾಜಧಾನಿಯ ಆಳ್ವಿಕೆ ಮತ್ತು ಅಂಚಿನ ಪ್ರದೇಶಗಳು. ಇವುಗಳಲ್ಲಿ ಮೊದಲನೆಯದನ್ನು ಮಾತ್ರ ನಾವು ಎಡ-ಬಲ ಎಂದು ಕರೆಯುತ್ತೇವೆ. ಕ್ಯಾಥೊಲಿಕ್ ಪಕ್ಷಗಳು ಚರ್ಚಿನ ಬಿರುಕಿನಿಂದಲೂ, ಉತ್ತರದ ರೈತ ಪಕ್ಷಗಳು ಕೃಷಿಯ ಬಿರುಕಿನಿಂದಲೂ ಬಂದವು. ಇಂಥ ಪಕ್ಷಗಳು ಮಾಲೀಕ-ಕಾರ್ಮಿಕರ ಗೆರೆಯ ಮೇಲೆ ನಡುವೆ ಬಂದು ನಿಂತದ್ದಕ್ಕೆ ಮುಖ್ಯ ಕಾರಣ ಸಮತೋಲನದ ಬಯಕೆಯಲ್ಲ. ಆ ಜಗಳವೇ ಅವುಗಳ ಹುಟ್ಟಿನ ಕಾರಣವಾಗಿರಲಿಲ್ಲ. ಜರ್ಮನಿಯ ಕ್ಯಾಥೊಲಿಕರು 1870ರಲ್ಲಿ ಕಟ್ಟಿದ ‘ಸೆಂಟರ್’ ಪಕ್ಷಕ್ಕೆ ಸದನದ ನಡುವಿನ ಆಸನಗಳಿಂದ ಆ ಹೆಸರು ಬಂತು. ಅದರೊಳಗೆ ಭೂಮಾಲೀಕರೂ ಇದ್ದರು, ಗಣಿ ಕಾರ್ಮಿಕರೂ ಇದ್ದರು. ಅವರನ್ನು ಒಟ್ಟಿಗೆ ಹಿಡಿದಿಟ್ಟದ್ದು ಚರ್ಚು.

ಇಂದಿನ ಚರ್ಚೆಗೆ ಕನಿಷ್ಠ ಎರಡು ಗೆರೆಗಳನ್ನಾದರೂ ಎಳೆದುಕೊಳ್ಳಿ: ತೆರಿಗೆ, ಕಲ್ಯಾಣ ಯೋಜನೆ, ಮಾರುಕಟ್ಟೆಗಳದ್ದು ಒಂದು, ವಲಸೆ, ಕುಟುಂಬ, ಪರಿಸರ, ಯುರೋಪಿಯನ್ ಒಕ್ಕೂಟಗಳದ್ದು ಇನ್ನೊಂದು. ಪ್ರಾದೇಶಿಕ ಪ್ರಶ್ನೆ ಬಿಸಿಯಾಗಿರುವ ಸ್ಪೇನ್, ಬೆಲ್ಜಿಯಂಗಳಿಗೆ ಮೂರನೆಯದೂ ಬೇಕು. 2006ರಲ್ಲಿ ಕೆಟಲೋನಿಯಾದಲ್ಲಿ ಹುಟ್ಟಿದ ಸಿಯುದಾದಾನೋಸ್ ಪಕ್ಷ ಆರ್ಥಿಕ ಗೆರೆಯ ಮೇಲೆ ಮಧ್ಯದಿಂದ ಸ್ವಲ್ಪ ಬಲಕ್ಕಿತ್ತು. ಕೆಟಲೋನಿಯಾದ ಪ್ರತ್ಯೇಕತೆಯ ವಿರೋಧದಲ್ಲಿ ಅದು ಮಧ್ಯದಲ್ಲಿರಲಿಲ್ಲ, ಒಂದು ಕಡೆಯ ಮುಂಚೂಣಿಯಲ್ಲೇ ಇತ್ತು. ಅದನ್ನು ಬರಿದೇ ‘ಮಧ್ಯಪಂಥೀಯ’ ಎಂದವರಿಗೆ 2019ರಲ್ಲಿ ಅದು ಮಾಡಿದ ಆಯ್ಕೆ ಅರ್ಥವಾಗಿರಲಿಕ್ಕಿಲ್ಲ. ಆ ಏಪ್ರಿಲ್‌ನಲ್ಲಿ ಸೋಷಿಯಲಿಸ್ಟರಿಗೆ 123, ಸಿಯುದಾದಾನೋಸ್‌ಗೆ 57 ಸ್ಥಾನ ಬಂದು, ಎರಡೂ ಸೇರಿದರೆ ಬಹುಮತಕ್ಕೆ ಬೇಕಾದ 176ನ್ನು ದಾಟುತ್ತಿದ್ದವು. ಆದರೂ ಮೈತ್ರಿ ಆಗಲಿಲ್ಲ. ನವೆಂಬರ್‌ನಲ್ಲಿ ಮತ್ತೆ ಚುನಾವಣೆ ನಡೆದಾಗ ಆ 57 ಸ್ಥಾನಗಳು 10ಕ್ಕಿಳಿದವು.

ನಾಲ್ಕನೆಯ ಹೆಜ್ಜೆ: ಅಳತೆಗಳನ್ನು ನೋಡುವುದು, ಆದರೆ ಎಚ್ಚರದಿಂದ

ಸಾರ್ವಜನಿಕವಾಗಿ ಸಿಗುವ ಎರಡು ಅಳತೆಗಳು ಹೆಚ್ಚು ಬಳಕೆಯಲ್ಲಿವೆ. ಚಾಪೆಲ್ ಹಿಲ್ ತಜ್ಞರ ಸಮೀಕ್ಷೆ 1999ರಿಂದ ಕೆಲವು ವರ್ಷಗಳಿಗೊಮ್ಮೆ ಪ್ರತಿ ದೇಶದ ರಾಜ್ಯಶಾಸ್ತ್ರಜ್ಞರನ್ನು ಕೇಳಿ ಪಕ್ಷಗಳಿಗೆ 0ಯಿಂದ 10ರವರೆಗೆ ಅಂಕ ಕೊಡಿಸುತ್ತದೆ. 0 ಎಂದರೆ ಎಡತುದಿ, 10 ಎಂದರೆ ಬಲತುದಿ. ಆರ್ಥಿಕ ವಿಷಯಕ್ಕೂ ಸಾಮಾಜಿಕ-ಸಾಂಸ್ಕೃತಿಕ ವಿಷಯಕ್ಕೂ ಅದು ಬೇರೆ ಬೇರೆ ಅಂಕ ಕೊಡುವುದರಿಂದ ಮೂರನೆಯ ಹೆಜ್ಜೆಯಲ್ಲಿ ಹೇಳಿದ ಎರಡು ಗೆರೆಗಳಿಗೆ ಅದು ನೇರವಾಗಿ ಒದಗುತ್ತದೆ. ಇನ್ನೊಂದು, ಪ್ರಣಾಳಿಕೆಗಳನ್ನೇ ವಾಕ್ಯ ವಾಕ್ಯವಾಗಿ ವಿಂಗಡಿಸುವ ಮ್ಯಾನಿಫೆಸ್ಟೊ ಪ್ರಾಜೆಕ್ಟ್. ಎಡದ್ದೆಂದು ಗುರುತಿಸಿದ 13 ವಿಷಯವರ್ಗಗಳು, ಬಲದ್ದೆಂದು ಗುರುತಿಸಿದ 13 ವಿಷಯವರ್ಗಗಳು. ಬಲದ ವಾಕ್ಯಗಳ ಶೇಕಡಾವಾರಿನಿಂದ ಎಡದ ವಾಕ್ಯಗಳ ಶೇಕಡಾವಾರನ್ನು ಕಳೆದರೆ ಪಕ್ಷದ ಅಂಕ ದೊರೆಯುತ್ತದೆ.

ಈ ಕಳೆಯುವ ಲೆಕ್ಕದಲ್ಲೇ ಒಂದು ಅಪಾಯವಿದೆ. ಎಡದ ಮಾತು ಶೇ 40, ಬಲದ ಮಾತು ಶೇ 40 ಇರುವ ಪ್ರಣಾಳಿಕೆಗೂ, ಎರಡನ್ನೂ ಮುಟ್ಟದೆ ಆಡಳಿತ ಸುಧಾರಣೆ, ಭ್ರಷ್ಟಾಚಾರ ನಿರ್ಮೂಲನೆಗಳ ಬಗ್ಗೆಯೇ ಬರೆದ ಪ್ರಣಾಳಿಕೆಗೂ ಒಂದೇ ಸೊನ್ನೆ ಸಿಗುತ್ತದೆ. ಮೊದಲನೆಯದು ಎರಡು ಕಡೆಯ ಬೇಡಿಕೆಗಳನ್ನೂ ಹೊತ್ತ ಪಕ್ಷ. ಎರಡನೆಯದು ಪ್ರಶ್ನೆಯಿಂದಲೇ ತಪ್ಪಿಸಿಕೊಂಡ ಪಕ್ಷ. ತಜ್ಞರ ಅಂಕದಲ್ಲೂ ಇಂಥದ್ದೇ ತೊಡಕಿದೆ: ಒಬ್ಬರು 3, ಇನ್ನೊಬ್ಬರು 7 ಕೊಟ್ಟರೂ ಸರಾಸರಿ 5 ಬರುತ್ತದೆ, ಎಲ್ಲರೂ 5 ಕೊಟ್ಟರೂ 5 ಬರುತ್ತದೆ. ಆದ್ದರಿಂದ ಸರಾಸರಿಯ ಜೊತೆಗೆ ಅಂಕಗಳು ಎಷ್ಟು ಚದುರಿವೆ ಎಂಬುದನ್ನೂ ನೋಡಿ. 4ರಿಂದ 6ರೊಳಗಿನ ಅಂಕವನ್ನು ಮುಂದಿನ ಪರಿಶೀಲನೆಗೆ ಆಹ್ವಾನವೆಂದು ತಿಳಿಯಿರಿ, ತೀರ್ಪೆಂದು ಅಲ್ಲ.

ಐದನೆಯ ಹೆಜ್ಜೆ: ಯಾರೊಡನೆ ಆಳಿತು, ಯಾರೊಡನೆ ಆಳಬಹುದಿತ್ತು?

ನನ್ನ ಅಭಿಪ್ರಾಯದಲ್ಲಿ ಅತ್ಯಂತ ನಂಬಲರ್ಹವಾದ ಸಾಕ್ಷ್ಯ ಸಿಗುವುದು ಇಲ್ಲಿ. ಮಾತಿನಲ್ಲಿ ಮಧ್ಯದಲ್ಲಿರುವುದು ಸುಲಭ. ಸಚಿವ ಸಂಪುಟದಲ್ಲಿ ಎಡದೊಡನೆ ಒಮ್ಮೆ, ಬಲದೊಡನೆ ಒಮ್ಮೆ ಕುಳಿತು ತೋರಿಸುವುದಕ್ಕೆ ಬೆಲೆ ತೆರಬೇಕಾಗುತ್ತದೆ. ಕಳೆದ ನಾಲ್ಕೈದು ದಶಕಗಳ ಸರ್ಕಾರಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ನಿಮ್ಮ ಪಕ್ಷ ಪ್ರತಿಯೊಂದರಲ್ಲೂ ಎಲ್ಲಿತ್ತು ಎಂದು ಗುರುತು ಹಾಕಿಕೊಳ್ಳಿ.

ಎಫ್‌ಡಿಪಿಯ ದಾಖಲೆ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. 1961ರಿಂದ 1966ರವರೆಗೆ ಅದು ಕ್ರಿಶ್ಚಿಯನ್ ಡೆಮಾಕ್ರಾಟರೊಡನೆ ಇತ್ತು. 1969ರ ಚುನಾವಣೆಯಲ್ಲಿ ಶೇ 5.8ರಷ್ಟು ಮತ ಮಾತ್ರ ಪಡೆದರೂ ಅದು ಸೋಷಿಯಲ್ ಡೆಮಾಕ್ರಾಟರ ಕಡೆಗೆ ವಾಲಿ ವಿಲ್ಲಿ ಬ್ರಾಂಟ್ ಅವರನ್ನು ಚಾನ್ಸಲರ್ ಮಾಡಿತು. ಹದಿಮೂರು ವರ್ಷಗಳ ನಂತರ, ಆರ್ಥಿಕ ನೀತಿಯ ಭಿನ್ನಾಭಿಪ್ರಾಯದಿಂದ ಆ ಮೈತ್ರಿ ಮುರಿದು, 1982ರ ಅಕ್ಟೋಬರ್ 1ರಂದು ರಚನಾತ್ಮಕ ಅವಿಶ್ವಾಸ ನಿರ್ಣಯದ (ಉತ್ತರಾಧಿಕಾರಿಯನ್ನು ಆರಿಸಿಯೇ ಚಾನ್ಸಲರನ್ನು ಇಳಿಸುವ ಕ್ರಮ) ಮೂಲಕ ಕ್ರಿಶ್ಚಿಯನ್ ಡೆಮಾಕ್ರಾಟರ ಹೆಲ್ಮುಟ್ ಕೋಲ್ ಅವರನ್ನು ಅದೇ ಪೀಠಕ್ಕೆ ಏರಿಸಿತು. ಇದು ಪಾತ್ರದಲ್ಲಿ ಮಧ್ಯವಾಗಿರುವ ಪಕ್ಷ. ವಿಚಾರದಲ್ಲಿ ನೋಡಿದರೆ ಅದು ಮುಕ್ತ ಮಾರುಕಟ್ಟೆಯ ಪರವಾದ ಉದಾರವಾದಿ ಪಕ್ಷ. ತೆರಿಗೆಯ ಪ್ರಶ್ನೆಯಲ್ಲಿ ಅನೇಕ ವೇಳೆ ಕ್ರಿಶ್ಚಿಯನ್ ಡೆಮಾಕ್ರಾಟರಿಗಿಂತಲೂ ಬಲಕ್ಕಿತ್ತು. ಒಂದೇ ಪಕ್ಷಕ್ಕೆ ಸ್ಥಾನ, ವಿಚಾರ, ಪಾತ್ರಗಳು ಬೇರೆ ಬೇರೆ ಉತ್ತರ ಕೊಡುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಹುಡುಕಬೇಕಾಗಿಲ್ಲ.

ಫಿನ್ಲೆಂಡಿನ ಸೆಂಟರ್ ಪಕ್ಷವೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ: 2015ರಲ್ಲಿ ಅದರ ನಾಯಕ ಯುಹಾ ಸಿಪಿಲಾ ಬಲದ ಎರಡು ಪಕ್ಷಗಳನ್ನು ಕಟ್ಟಿಕೊಂಡು ಪ್ರಧಾನಿಯಾದರು, 2019ರಲ್ಲಿ ಅದೇ ಪಕ್ಷ ಸೋಷಿಯಲ್ ಡೆಮಾಕ್ರಾಟರು, ಗ್ರೀನ್ ಪಕ್ಷ ಮತ್ತು ಎಡಮೈತ್ರಿಯೊಡನೆ ಕುಳಿತಿತು. ಸ್ವೀಡನ್ನಿನ ಸೆಂಟರ್ ಪಕ್ಷ 2006ರಿಂದ 2014ರವರೆಗೆ ಬಲಪಂಥೀಯ ಕೂಟದ ನಿಷ್ಠ ಸದಸ್ಯನಾಗಿತ್ತು. 2019ರ ಜನವರಿಯಲ್ಲಿ ವಲಸೆಯನ್ನು ವಿರೋಧಿಸುವ ಬಲತುದಿಯ ಸ್ವೀಡನ್ ಡೆಮಾಕ್ರಾಟರನ್ನು ಅಧಿಕಾರದಿಂದ ದೂರವಿಡಲೆಂದು 73 ಅಂಶಗಳ ಒಪ್ಪಂದ ಮಾಡಿಕೊಂಡು ಸೋಷಿಯಲ್ ಡೆಮಾಕ್ರಾಟರ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿತು. ಪಕ್ಷ ತನ್ನ ಆರ್ಥಿಕ ವಿಚಾರವನ್ನು ಬಿಟ್ಟುಕೊಟ್ಟಿರಲಿಲ್ಲ. ಬಲತುದಿಯಲ್ಲಿ ಹೊಸಬರು ಬೆಳೆದದ್ದರಿಂದ ಅದಕ್ಕೆ ಹೊಸ ಪಾತ್ರ ಒದಗಿತು.

ಈ ಪರೀಕ್ಷೆಯೊಂದನ್ನೇ ನೆಚ್ಚಿಕೊಂಡರೂ ಮೋಸ ಹೋಗಬಹುದು ಎಂಬುದಕ್ಕೆ ಇಟಲಿಯ ಫೈವ್ ಸ್ಟಾರ್ ಚಳವಳಿ ಸಾಕ್ಷಿ. 2018ರಲ್ಲಿ ಶೇ 32.7ರಷ್ಟು ಮತ ಪಡೆದು ಮೊದಲ ಸ್ಥಾನಕ್ಕೆ ಬಂದ ಅದು ಮೊದಲು ಬಲಪಂಥೀಯ ಲೇಗಾ ಪಕ್ಷದೊಡನೆ ಸರ್ಕಾರ ಮಾಡಿತು. 2019ರ ಸೆಪ್ಟೆಂಬರ್‌ನಲ್ಲಿ, ಜುಸೆಪ್ಪೆ ಕಾಂಟೆ ಅವರನ್ನೇ ಪ್ರಧಾನಿಯಾಗಿ ಉಳಿಸಿಕೊಂಡು, ಎಡದ ಡೆಮಾಕ್ರಾಟಿಕ್ ಪಕ್ಷದೊಡನೆ ಇನ್ನೊಂದು ಸರ್ಕಾರ ಮಾಡಿತು. ಎಡವೂ ಅಲ್ಲ, ಬಲವೂ ಅಲ್ಲ ಎಂದು ಅದು ಘೋಷಿಸಿಕೊಂಡಿತ್ತು. ಆದರೆ ಮಧ್ಯಪಂಥದ ಪಕ್ಷ ಎಡಬಲಗಳ ನಡುವೆ ರಾಜಿ ಹುಡುಕುತ್ತದೆ. ಫೈವ್ ಸ್ಟಾರ್ ಆ ಗೆರೆಯನ್ನೇ ಹಳೆಯ ರಾಜಕಾರಣಿಗಳ ಆಟವೆಂದು ತಿರಸ್ಕರಿಸಿತು. ಎರಡು ಕಡೆಗೂ ಹೋದ ಮಾತ್ರಕ್ಕೆ ಪಕ್ಷ ಮಧ್ಯಪಂಥೀಯವಾಗದು; ಹೋಗುವಾಗ ಏನನ್ನು ಕೊಟ್ಟು ಏನನ್ನು ಪಡೆಯಿತು ಎಂಬುದನ್ನು ಮೈತ್ರಿ ಒಪ್ಪಂದದ ಪಠ್ಯದಲ್ಲೇ ಓದಿ ನೋಡಬೇಕು.

ಆರನೆಯ ಹೆಜ್ಜೆ: ನಡುವಿನ ಜಾಗ ತುಂಬಿದಾಗ ವ್ಯವಸ್ಥೆಗೆ ಏನಾಗುತ್ತದೆ?

ಇದುವರೆಗೆ ಪಕ್ಷವನ್ನು ನೋಡಿದ್ದಾಯಿತು. ಈಗ ಅದು ತನ್ನ ಸುತ್ತಲಿನ ಪಕ್ಷಗಳಿಗೆ ಏನು ಮಾಡುತ್ತದೆ ಎಂದು ನೋಡಬೇಕು. ಫ್ರಾನ್ಸಿನ ರಾಜ್ಯಶಾಸ್ತ್ರಜ್ಞ ಮೊರಿಸ್ ದುವರ್ಜೆ 1951ರಲ್ಲೇ ಒಂದು ಕಟುವಾದ ವಾದ ಮಂಡಿಸಿದ್ದರು: ಮಧ್ಯದಲ್ಲಿ ಪಕ್ಷವಿರಬಹುದು, ಆದರೆ ಮಧ್ಯವೆಂಬ ಸ್ವಂತ ಒಲವು ಇರುವುದಿಲ್ಲ, ಬಲದಲ್ಲಿರುವ ಸೌಮ್ಯರೂ ಎಡದಲ್ಲಿರುವ ಸೌಮ್ಯರೂ ಕೃತಕವಾಗಿ ಒಂದೆಡೆ ಸೇರಿದ್ದನ್ನೇ ನಾವು ಮಧ್ಯವೆನ್ನುತ್ತೇವೆ. ಇಟಲಿಯ ರಾಜ್ಯಶಾಸ್ತ್ರಜ್ಞ ಜಿಯೊವಾನಿ ಸಾರ್ತೋರಿ ಇದನ್ನು ಒಪ್ಪಲಿಲ್ಲ. ಅವರು 1976ರಲ್ಲಿ ತೋರಿಸಿಕೊಟ್ಟದ್ದು, ನಡುವಿನ ಜಾಗವನ್ನು ಒಂದು ದೊಡ್ಡ ಪಕ್ಷ ಆಕ್ರಮಿಸಿಕೊಂಡಾಗ ಉಳಿದ ಪಕ್ಷಗಳಿಗೆ ನಡುವಿನತ್ತ ಬರುವ ಕಾರಣವೇ ಇಲ್ಲದಾಗಿ ಅವು ತುದಿಗಳ ಕಡೆಗೆ ಸರಿಯುತ್ತವೆ ಎಂಬುದನ್ನು. ಮಧ್ಯದ ಪಕ್ಷವೆಂದರೆ ಸೌಮ್ಯತೆಯನ್ನು ತರುವ ಪಕ್ಷ ಎಂಬ ನಮ್ಮ ಸಹಜ ಊಹೆಗೆ ಇದು ತೀರ ವಿರುದ್ಧವಾದದ್ದು.

ಸಾರ್ತೋರಿ ಅವರ ಕಣ್ಣೆದುರಿಗಿದ್ದದ್ದು ಸ್ವಂತ ದೇಶ. ಎರಡನೆಯ ಮಹಾಯುದ್ಧದ ನಂತರ 1990ರ ದಶಕದ ಆರಂಭದವರೆಗೂ ಇಟಲಿಯಲ್ಲಿ ಕ್ರಿಶ್ಚಿಯನ್ ಡೆಮಾಕ್ರಾಟರಿಲ್ಲದ ಸರ್ಕಾರ ಬರಲಿಲ್ಲ. ಎಡದಲ್ಲಿ ಪಶ್ಚಿಮ ಯುರೋಪಿನ ಅತಿದೊಡ್ಡ ಕಮ್ಯುನಿಸ್ಟ್ ಪಕ್ಷ, ಬಲದಲ್ಲಿ ಹಳೆಯ ಫ್ಯಾಸಿಸ್ಟರ ಉತ್ತರಾಧಿಕಾರಿಗಳು. 1947ರ ನಂತರ ಕಮ್ಯುನಿಸ್ಟರಿಗೆ ಸಂಪುಟದ ಬಾಗಿಲು ಮುಚ್ಚಿತ್ತು. ಎರಡು ವಿರೋಧಗಳು ಪರಸ್ಪರ ಸೇರಿ ಪರ್ಯಾಯ ಸರ್ಕಾರ ಕೊಡಲಾರವು ಎಂಬ ಕಾರಣಕ್ಕೆ ಮಧ್ಯದ ಪಕ್ಷ ಸೋಲುತ್ತಲೇ ಇರಲಿಲ್ಲ. ಸೋಲಿನ ಭಯವಿಲ್ಲದ ಆ ಪಕ್ಷದೊಳಗೆ ಬಣಗಳ ಜಗಳ ಬೆಳೆದು ಪ್ರಧಾನಿಗಳು ಮೇಲಿಂದ ಮೇಲೆ ಬದಲಾಗುತ್ತಿದ್ದರು. ಕೊನೆಗೆ ಅದು ಕರಗಿದ್ದು ಭ್ರಷ್ಟಾಚಾರದ ತನಿಖೆಗಳ ನಡುವೆ, 1994ರಲ್ಲಿ.

ಫ್ರಾನ್ಸಿನ ಇತ್ತೀಚಿನ ವರ್ಷಗಳನ್ನು ಈ ಬೆಳಕಿನಲ್ಲಿ ಓದಿ. ಎಮ್ಯಾನುಯೆಲ್ ಮ್ಯಾಕ್ರಾನ್ 2016ರಲ್ಲಿ ಕಟ್ಟಿದ ಪಕ್ಷ ದುವರ್ಜೆ ಹೇಳಿದಂತೆಯೇ ಎಡದ ಸೌಮ್ಯರನ್ನೂ ಬಲದ ಸೌಮ್ಯರನ್ನೂ ತನ್ನೊಳಗೆ ಎಳೆದುಕೊಂಡಿತು. 2022ರ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಸೋಷಿಯಲಿಸ್ಟ್ ಅಭ್ಯರ್ಥಿಗೆ ಶೇ 1.75, ಸಾಂಪ್ರದಾಯಿಕ ಬಲದ ಅಭ್ಯರ್ಥಿಗೆ ಶೇ 4.78 ಮತಗಳಷ್ಟೇ ಬಂದವು; ಎರಡನೆಯ, ಮೂರನೆಯ ಸ್ಥಾನಗಳು ಬಲತುದಿಯ ಮರೀನ್ ಲೆ ಪೆನ್ ಅವರಿಗೂ ಎಡದಂಚಿನ ಮೆಲಾನ್ಶೋನ್ ಅವರಿಗೂ ಹೋದವು. ಮುಂದೆ ನಡೆದದ್ದು ಸಾರ್ತೋರಿ ಬರೆದಂತೆಯೇ ಇದೆ. 2024ರ ಡಿಸೆಂಬರ್ 4ರಂದು ಎಡಕೂಟವೂ ಲೆ ಪೆನ್ ಬಣವೂ ಒಟ್ಟಾಗಿ 331 ಮತಗಳಿಂದ, ಮ್ಯಾಕ್ರಾನ್ ನೇಮಿಸಿದ್ದ ಪ್ರಧಾನಿ ಮಿಶೆಲ್ ಬಾರ್ನಿಯೆ ಅವರ ಸರ್ಕಾರವನ್ನು ಬೀಳಿಸಿದವು. 2025ರ ಸೆಪ್ಟೆಂಬರ್ 8ರಂದು, ದಶಕಗಳಿಂದ ಮಧ್ಯಪಂಥದ ಧ್ವಜ ಹಿಡಿದಿದ್ದ, ಬಾರ್ನಿಯೆ ನಂತರ ಪ್ರಧಾನಿಯಾದ ಫ್ರಾನ್ಸ್ವಾ ಬೈರೂ ವಿಶ್ವಾಸಮತದಲ್ಲಿ ಸೋತರು. ಬೀಳಿಸಲು ಒಂದಾದವರು ಆಳಲು ಒಂದಾಗಲಾರರು. ನಿಮ್ಮ ಪಕ್ಷದ ಎರಡೂ ಬದಿಗಳಲ್ಲಿ ಇಂಥ ಜೋಡಿ ವಿರೋಧವಿದೆಯೇ ಎಂದು ಕೇಳಿಕೊಳ್ಳಿ. ಇದ್ದರೆ ಅದು ಎಫ್‌ಡಿಪಿಯಂಥ ತಿರುಗಣಿಯ ಪಕ್ಷವಲ್ಲ, ಮಧ್ಯವನ್ನು ಹಿಡಿದು ಕುಳಿತ ಆಡಳಿತ ಪಕ್ಷ. ಇವೆರಡನ್ನು ಒಂದೇ ವಿಶೇಷಣದಲ್ಲಿ ಮುಗಿಸುವುದು ನ್ಯಾಯವಲ್ಲ.

ಏಳನೆಯ ಹೆಜ್ಜೆ: ಚುನಾವಣಾ ಪದ್ಧತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು

ಮೇಲಿನ ಬಹುತೇಕ ಉದಾಹರಣೆಗಳು ಮತಗಳ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ದೇಶಗಳವು. ಬ್ರಿಟನ್ನಿನಲ್ಲಿ, ನಮ್ಮಲ್ಲಿರುವಂತೆ, ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. 1983ರಲ್ಲಿ ಲಿಬರಲ್ ಮತ್ತು ಸೋಷಿಯಲ್ ಡೆಮಾಕ್ರಾಟ್ ಮೈತ್ರಿಕೂಟ ಶೇ 25.4 ಮತ ಪಡೆದು 23 ಸ್ಥಾನ ಗೆದ್ದಿತು, ಶೇ 27.6 ಪಡೆದ ಲೇಬರ್ ಪಕ್ಷಕ್ಕೆ 209 ಸ್ಥಾನ ಬಂತು. ಎಲ್ಲ ಕಡೆ ಎರಡನೆಯ ಸ್ಥಾನಕ್ಕೆ ಬರುವ ಪಕ್ಷಕ್ಕೆ ಆ ಪದ್ಧತಿಯಲ್ಲಿ ಹೆಚ್ಚೇನೂ ದಕ್ಕುವುದಿಲ್ಲ. 2024ರಲ್ಲಿ ಲಿಬರಲ್ ಡೆಮಾಕ್ರಾಟರು ಶೇ 12.2 ಮತಕ್ಕೇ 72 ಸ್ಥಾನ ಪಡೆದದ್ದು ಮತಗಳನ್ನು ಆಯ್ದ ಕ್ಷೇತ್ರಗಳಲ್ಲಿ ಒಟ್ಟುಗೂಡಿಸಿದ್ದರಿಂದ. ಇಂಥ ದೇಶದಲ್ಲಿ ಒಂದು ಪಕ್ಷ ಸರ್ಕಾರ ರಚನೆಯಲ್ಲಿ ಪಾತ್ರ ವಹಿಸಿಲ್ಲ ಎಂಬುದನ್ನು ಅದರ ವಿರುದ್ಧದ ಸಾಕ್ಷ್ಯವಾಗಿ ಬಳಸಬಾರದು. ಸ್ಥಾನ ಮತ್ತು ವಿಚಾರಗಳಿಗೆ ಹೆಚ್ಚು ತೂಕ ಕೊಡಬೇಕು.

ಎಂಟನೆಯ ಹೆಜ್ಜೆ: ಯುರೋಪಿಯನ್ ಸಂಸತ್ತಿನ ಗುಂಪನ್ನು ಕೊನೆಯ ಸಾಕ್ಷಿಯಾಗಿ ಮಾತ್ರ ಕರೆಯುವುದು

ಯುರೋಪಿಯನ್ ಸಂಸತ್ತಿನ ಉದಾರವಾದಿಗಳ ‘ರಿನ್ಯೂ’ ಗುಂಪಿನಲ್ಲಿದೆ, ಆದ್ದರಿಂದ ಮಧ್ಯಪಂಥೀಯ ಎಂಬ ತರ್ಕವನ್ನು ಸುದ್ದಿಸಂಸ್ಥೆಗಳ ವರದಿಗಳಲ್ಲಿ ಆಗಾಗ ಕಾಣುತ್ತೇವೆ. ಜೆಕ್ ದೇಶದ ಆಂಡ್ರೇ ಬಾಬಿಶ್ ಅವರ ಆನೊ ಪಕ್ಷ 2024ರವರೆಗೂ ಅದೇ ಗುಂಪಿನಲ್ಲಿತ್ತು. ಆ ವರ್ಷ ಅದನ್ನು ಬಿಟ್ಟು ಹಂಗೆರಿಯ ಫಿಡೆಸ್ ಮತ್ತು ಆಸ್ಟ್ರಿಯಾದ ಫ್ರೀಡಂ ಪಕ್ಷಗಳೊಡನೆ ಸೇರಿ ಬಲತುದಿಯ ಹೊಸ ಗುಂಪು ಕಟ್ಟಿತು. ಕುತೂಹಲದ ಸಂಗತಿಯೆಂದರೆ ಉಳಿದಿಬ್ಬರೂ ಒಂದು ಕಾಲಕ್ಕೆ ಉದಾರವಾದಿ ಪಕ್ಷಗಳ ಜಾಗತಿಕ ಒಕ್ಕೂಟವಾದ ಲಿಬರಲ್ ಇಂಟರ್‌ನ್ಯಾಷನಲ್‌ನ ಸದಸ್ಯರಾಗಿದ್ದವರೇ. ಆಸ್ಟ್ರಿಯಾದ ಪಕ್ಷ 1993ರಲ್ಲಿ, ಫಿಡೆಸ್ 2000ದಲ್ಲಿ ಅದನ್ನು ತೊರೆದವು.

ಕೊನೆಯ ಹೆಜ್ಜೆ: ಬರೆಯುವುದು

ಇಷ್ಟಾದ ಮೇಲೆ ಒಂದು ಪದದ ವಿಶೇಷಣಕ್ಕಿಂತ ಒಂದು ವಾಕ್ಯವನ್ನು ಬರೆಯಿರಿ. ಅದರಲ್ಲಿ ಯಾವ ಅವಧಿ, ಯಾವ ಅರ್ಥದಲ್ಲಿ ಮಧ್ಯ ಎಂಬೆರಡೂ ಇರಲಿ. ‘1969ರಿಂದ 1982ರವರೆಗೆ ಎಡಕ್ಕೂ ನಂತರ ಬಲಕ್ಕೂ ವಾಲಿ ಸರ್ಕಾರಗಳನ್ನು ನಿರ್ಧರಿಸಿದ ಉದಾರವಾದಿ ಪಕ್ಷ’ ಎಂದರೆ ಎಫ್‌ಡಿಪಿಯ ಬಗ್ಗೆ ಓದುಗರಿಗೆ ನಿಜವಾಗಿ ಏನಾದರೂ ತಿಳಿಯುತ್ತದೆ. ‘ರೈತರ ಪಕ್ಷವಾಗಿ ಹುಟ್ಟಿ, ಈಗ ಮಾರುಕಟ್ಟೆಯ ಪರವಾಗಿಯೂ ವಲಸೆಯ ವಿಷಯದಲ್ಲಿ ಉದಾರವಾಗಿಯೂ ಇರುವ ಸೆಂಟರ್ ಪಕ್ಷ’ ಎಂದು ಸ್ವೀಡನ್ನಿನದನ್ನು ಬರೆಯಬಹುದು. ಶೀರ್ಷಿಕೆಯಲ್ಲಿ ಜಾಗವಿಲ್ಲದಿದ್ದರೆ ಉದಾರವಾದಿ, ಕ್ರಿಶ್ಚಿಯನ್ ಡೆಮಾಕ್ರಾಟ್, ರೈತಪರ ಎಂಬ ಕುಲನಾಮವನ್ನು ಬಳಸುವುದು ‘ಮಧ್ಯಪಂಥೀಯ’ಕ್ಕಿಂತ ಸುರಕ್ಷಿತ, ಏಕೆಂದರೆ ಕುಲನಾಮ ಚುನಾವಣೆಯಿಂದ ಚುನಾವಣೆಗೆ ಬದಲಾಗುವುದು ಕಡಿಮೆ. ಸ್ಥಾನ, ವಿಚಾರ, ಪಾತ್ರ ಎಂಬ ಮೂರು ಪರೀಕ್ಷೆಗಳಲ್ಲಿ ಎರಡರಲ್ಲಾದರೂ ‘ಮಧ್ಯ’ ಎಂಬ ಉತ್ತರ ಬರದಿದ್ದರೆ ಆ ಪದವನ್ನು ಬಿಟ್ಟುಬಿಡಿ. ಬಂದರೆ ಬಳಸಿ, ಆದರೆ ಸದನಕ್ಕೆ ಹೊಸ ಪಕ್ಷವೊಂದು ಬಂದ ದಿನ ಮೊದಲ ಹೆಜ್ಜೆಯ ಪಟ್ಟಿಯನ್ನು ಮತ್ತೆ ತೆರೆಯಿರಿ.